ಹ್ಯಾಂಡ್‌ಹೆಲ್ಡ್ ಕನ್ಸೋಲ್ ಹ್ಯಾಕಿಂಗ್‌ನ ಪದಗಳು: ಯಾವ ಪದ ಯಾವ ಮೆಟ್ಟಿಲಿನದು?

ಪ್ರಶ್ನೆ: ನನ್ನ ಬಳಿ ಬಹುಕಾಲದಿಂದ ಬಳಸದೆ ಇಟ್ಟಿರುವ ಒಂದು ನಿಂಟೆಂಡೊ 3ಡಿಎಸ್ ಮತ್ತು ಒಂದು ಪಿಎಸ್‌ಪಿ ಇವೆ. ಇವುಗಳಲ್ಲಿ ಹೋಮ್‌ಬ್ರೂ ತಂತ್ರಾಂಶಗಳನ್ನು ಬಳಸಬಹುದೆಂದು ಕೇಳಿ ಓದಲು ಕುಳಿತರೆ ಎಕ್ಸ್‌ಪ್ಲಾಯಿಟ್, ಪೇಲೋಡ್, ಹೆನ್, ಸಿಎಫ್‌ಡಬ್ಲ್ಯೂ, ಎಮುನ್ಯಾಂಡ್, ಬ್ರಿಕ್ ಎಂಬ ಪದಗಳು ಸಾಲುಗಟ್ಟಿ ಬರುತ್ತವೆ. ಒಂದೊಂದರ ಅರ್ಥವನ್ನು ಬಿಡಿಯಾಗಿ ಹುಡುಕಿಕೊಂಡರೂ ಅವು ಒಂದಕ್ಕೊಂದು ಹೇಗೆ ಕೂಡಿಕೊಳ್ಳುತ್ತವೆ ಎಂಬುದು ತಿಳಿಯುತ್ತಿಲ್ಲ. ಅರಿಯದೆ ಕೈಹಾಕಿ ಯಂತ್ರವನ್ನು ಕೆಡಿಸಿಕೊಳ್ಳುವ ಭಯವೂ ಇದೆ. ದಯವಿಟ್ಟು ವಿವರಿಸಿ.

ಉತ್ತರ: ಈ ಪದಗಳನ್ನು ಅಕಾರಾದಿ ಪಟ್ಟಿಯಿಂದ ಕಲಿಯಲು ಹೊರಟವರಿಗೆಲ್ಲ ನಿಮಗಾಗಿರುವ ಗೊಂದಲವೇ ಆಗುತ್ತದೆ. ಕನ್ಸೋಲ್‌ನ ಗುಂಡಿ ಒತ್ತಿದ ಕ್ಷಣದಿಂದ ಪರದೆಯ ಮೇಲೆ ಮೆನು ಮೂಡುವವರೆಗೆ ಯಂತ್ರದೊಳಗೆ ಕೆಲವು ಮೆಟ್ಟಿಲುಗಳ ಕೆಲಸ ನಡೆಯುತ್ತದೆ; ನೀವು ಹೆಸರಿಸಿದ ಪ್ರತಿಯೊಂದು ಪದವೂ ಆ ಮೆಟ್ಟಿಲುಗಳಲ್ಲಿ ಯಾವುದಾದರೂ ಒಂದಕ್ಕೆ ಸೇರಿದ್ದು. ಯಾವ ಪದ ಎದುರಾದರೂ ಎರಡು ಪ್ರಶ್ನೆಗಳನ್ನು ಕೇಳಿಕೊಳ್ಳಿ: ಇದು ಯಾವ ಮೆಟ್ಟಿಲಿನಲ್ಲಿ ಒಳಹೊಗುತ್ತದೆ? ಯಂತ್ರವನ್ನು ಆರಿಸಿ ಮತ್ತೆ ಹಚ್ಚಿದರೆ ಇದು ಉಳಿಯುತ್ತದೆಯೇ? ಈ ಎರಡಕ್ಕೆ ಉತ್ತರ ಸಿಕ್ಕಿದರೆ ಉಳಿದ ಬಹುಪಾಲು ಸಂಗತಿಗಳು ತಾವಾಗಿಯೇ ತಿಳಿಯಾಗುತ್ತವೆ.

ಮೆಟ್ಟಿಲುಗಳನ್ನು ಕೆಳಗಿನಿಂದ ನೋಡೋಣ. ಗುಂಡಿ ಒತ್ತಿದೊಡನೆ ಮೊದಲು ಓಡುವುದು ಬೂಟ್ ರೋಮ್, ಅಂದರೆ ಚಿಪ್ ತಯಾರಾಗುವಾಗಲೇ ಅದರೊಳಗೆ ಅಚ್ಚೊತ್ತಿದ, ಆಮೇಲೆ ಯಾರಿಂದಲೂ ತಿದ್ದಲಾಗದ ಪುಟ್ಟ ಪ್ರೋಗ್ರಾಂ. ಅದು ಯಂತ್ರದ ಶಾಶ್ವತ ಸ್ಮೃತಿಯಿಂದ ಬೂಟ್‌ಲೋಡರನ್ನು (ಮುಂದಿನ ಮೆಟ್ಟಿಲನ್ನು ಎಬ್ಬಿಸುವ ಪ್ರೋಗ್ರಾಂ) ಓದಿ, ಅದರ ಮೇಲಿರುವ ತಯಾರಕರ ಡಿಜಿಟಲ್ ಸಹಿಯನ್ನು ಪರೀಕ್ಷಿಸಿ, ಸರಿಯಿದ್ದರೆ ಮಾತ್ರ ಅಧಿಕಾರವನ್ನು ಅದಕ್ಕೆ ಒಪ್ಪಿಸುತ್ತದೆ. ಬೂಟ್‌ಲೋಡರ್ ಅದೇ ರೀತಿಯಲ್ಲಿ ಕರ್ನೆಲನ್ನು, ಅಂದರೆ ಯಂತ್ರದ ಎಲ್ಲ ಕೆಲಸಗಳನ್ನೂ ನಿಯಂತ್ರಿಸುವ ತಿರುಳಿನ ಪ್ರೋಗ್ರಾಮನ್ನು, ಪರೀಕ್ಷಿಸುತ್ತದೆ, ಕರ್ನೆಲ್ ತನ್ನ ಮೇಲೆ ಓಡಬೇಕಾದ ಆಟಗಳನ್ನೂ ಅಪ್ಲಿಕೇಶನ್‌ಗಳನ್ನೂ ಪರೀಕ್ಷಿಸುತ್ತದೆ. ಇದನ್ನು ನಂಬಿಕೆಯ ಸರಪಳಿ ಎನ್ನುತ್ತಾರೆ. ಸಹಿ ಹಾಕಲು ಬೇಕಾದ ಗುಟ್ಟಿನ ಕೀಲಿ ತಯಾರಕರಲ್ಲಿ ಮಾತ್ರ ಇರುತ್ತದೆ. ಯಂತ್ರದೊಳಗೆ ಇರುವುದು ಆ ಸಹಿಯನ್ನು ಪರೀಕ್ಷಿಸಬಲ್ಲ, ಆದರೆ ಹೊಸದಾಗಿ ಹಾಕಲಾರದ, ಇನ್ನೊಂದು ಕೀಲಿ. ಬೂಟ್‌ಲೋಡರ್, ಕರ್ನೆಲ್, ಮೆನು, ಸೆಟ್ಟಿಂಗ್ಸ್ ಎಲ್ಲವನ್ನೂ ಒಟ್ಟಾಗಿ ಫರ್ಮ್‌ವೇರ್ ಎಂದು ಕರೆಯುವುದು ರೂಢಿ. ತಯಾರಕರು ಕೊಟ್ಟಂತೆಯೇ ಇರುವ ಫರ್ಮ್‌ವೇರನ್ನು ಓಎಫ್‌ಡಬ್ಲ್ಯೂ ಎಂದು ಬರೆಯುವುದನ್ನು ನೀವು ನೋಡಿರಬಹುದು.

ಇಂಥ ಕಾವಲು ಹೊಸದೇನಲ್ಲ. 1989ರಲ್ಲಿ ಬಂದ ಗೇಮ್ ಬಾಯ್‌ನ ಬೂಟ್ ರೋಮ್ ಕೇವಲ 256 ಬೈಟ್‌ಗಳದ್ದು. ಅಷ್ಟರಲ್ಲೇ ಅದು ಕಾರ್ಟ್ರಿಜ್‌ನಲ್ಲಿರುವ ನಿಂಟೆಂಡೊ ಲಾಂಛನದ 48 ಬೈಟ್‌ಗಳನ್ನು ಓದಿ ಪರದೆಯ ಮೇಲೆ ತೋರಿಸಿ, ತನ್ನೊಳಗಿನ ಪ್ರತಿಯೊಂದಿಗೆ ಹೋಲಿಸಿ, ಹೊಂದದಿದ್ದರೆ ಅಲ್ಲಿಯೇ ನಿಂತುಬಿಡುತ್ತಿತ್ತು. ಆ ಲಾಂಛನವನ್ನು ನಕಲು ಮಾಡುವುದು ತಾಂತ್ರಿಕವಾಗಿ ಸುಲಭವಾಗಿತ್ತು, ಆದರೆ ವ್ಯಾಪಾರಚಿಹ್ನೆಯ ಕಾನೂನು ಅಡ್ಡ ಬರುತ್ತಿತ್ತು. ಗಣಿತವೇ ಕಾವಲು ನಿಂತ ಇಂದಿನ ಡಿಜಿಟಲ್ ಸಹಿಯೊಂದಿಗೆ ಅದನ್ನು ಹೋಲಿಸಿದರೆ ಈ ಕ್ಷೇತ್ರ ಎಷ್ಟು ದೂರ ಬಂದಿದೆ ಎಂಬುದು ಕಾಣುತ್ತದೆ.

ಹೋಮ್‌ಬ್ರೂ ಎಂದರೆ ತಯಾರಕರ ಪರವಾನಗಿಯೂ ಸಹಿಯೂ ಇಲ್ಲದೆ, ಆಸಕ್ತರು ತಾವೇ ಬರೆದ ತಂತ್ರಾಂಶ. ಸ್ವಂತ ಆಟಗಳು, ಹಳೆಯ ಯಂತ್ರಗಳನ್ನು ಅನುಕರಿಸುವ ಎಮ್ಯುಲೇಟರ್‌ಗಳು, ಸಂಗೀತ ಮತ್ತು ಚಿತ್ರ ನೋಡುವ ಸಾಧನಗಳು, ಸೇವ್ ಕಡತಗಳನ್ನು ಕಾಪಾಡಿಡುವ ಉಪಕರಣಗಳು, ಎಲ್ಲವೂ ಇದರಲ್ಲಿ ಸೇರುತ್ತವೆ. ಇದನ್ನು ಬರೆಯಲು ತಯಾರಕರ ಅಧಿಕೃತ ಎಸ್‌ಡಿಕೆಯನ್ನು (ತಂತ್ರಾಂಶ ಬರೆಯುವ ಪರಿಕರಗಳ ಕಟ್ಟು) ಕದಿಯಬೇಕಾಗಿಲ್ಲ. ನಿಂಟೆಂಡೊ ಯಂತ್ರಗಳಿಗೆ ಡೆವ್‌ಕಿಟ್‌ಪ್ರೊ, ಸೋನಿಯ ಹ್ಯಾಂಡ್‌ಹೆಲ್ಡ್ ಪಿಎಸ್ ವೀಟಾಗೆ ವೀಟಾಎಸ್‌ಡಿಕೆ ಎಂಬ, ಸ್ವಯಂಸೇವಕರು ಮೊದಲಿನಿಂದ ಕಟ್ಟಿದ ಪರಿಕರಗಳಿವೆ. ಇವುಗಳನ್ನು ಟೂಲ್‌ಚೈನ್ ಎಂದು ಕರೆಯುತ್ತಾರೆ. ಕಡತದ ಹೆಸರಿನ ಕೊನೆಯನ್ನು ನೋಡಿದರೆ ಯಾವ ಯಂತ್ರದ್ದೆಂದು ಸಾಮಾನ್ಯವಾಗಿ ತಿಳಿಯುತ್ತದೆ. ಪಿಎಸ್‌ಪಿಯಲ್ಲಿ ಇಬೂಟ್ ಡಾಟ್ ಪಿಬಿಪಿ, ವೀಟಾದಲ್ಲಿ ವಿಪಿಕೆ, ನಿಂಟೆಂಡೊ ಸ್ವಿಚ್‌ನಲ್ಲಿ ಎನ್‌ಆರ್‌ಓ, ನಿಮ್ಮ 3ಡಿಎಸ್‌ನಲ್ಲಿ 3ಡಿಎಸ್‌ಎಕ್ಸ್ ಮತ್ತು ಸಿಐಎ. ಈ ಕೊನೆಯ ಎರಡರ ವ್ಯತ್ಯಾಸ ಗಮನಿಸತಕ್ಕದ್ದು: 3ಡಿಎಸ್‌ಎಕ್ಸ್ ಕಡತವನ್ನು ಎಸ್‌ಡಿ ಕಾರ್ಡಿನಲ್ಲಿಟ್ಟು ಹೋಮ್‌ಬ್ರೂ ಲಾಂಚರ್ ಮೂಲಕ ಓಡಿಸುತ್ತೀರಿ, ಸಿಐಎ ಕಡತವನ್ನಾದರೋ ಅಧಿಕೃತ ಅಪ್ಲಿಕೇಶನ್‌ನಂತೆಯೇ ಯಂತ್ರದೊಳಗೆ ಸ್ಥಾಪಿಸುತ್ತೀರಿ.

ಸಹಿಯಿಲ್ಲದ್ದನ್ನು ಓಡಿಸದ ಯಂತ್ರದಲ್ಲಿ ಸಹಿಯಿಲ್ಲದ್ದು ಓಡುವುದಾದರೂ ಹೇಗೆ? ಇಲ್ಲಿ ಎಕ್ಸ್‌ಪ್ಲಾಯಿಟ್ ಬರುತ್ತದೆ. ತಯಾರಕರದೇ ಸಹಿ ಹೊತ್ತ, ಯಂತ್ರ ಸಂಪೂರ್ಣವಾಗಿ ನಂಬಿರುವ ಪ್ರೋಗ್ರಾಮಿನಲ್ಲಿ ಲೋಪವೊಂದಿದ್ದರೆ, ಆ ಲೋಪವನ್ನು ಕೆರಳಿಸುವಂತೆ ಹೆಣೆದ ದತ್ತಾಂಶವನ್ನು ಅದಕ್ಕೆ ಉಣಿಸಿ, ಅದರ ಓಟವನ್ನು ತನಗೆ ಬೇಕಾದ ಕಡೆಗೆ ತಿರುಗಿಸುವ ವಿಧಾನವೇ ಎಕ್ಸ್‌ಪ್ಲಾಯಿಟ್. ಲೋಪ ಬೇರೆ, ಎಕ್ಸ್‌ಪ್ಲಾಯಿಟ್ ಬೇರೆ. ಎಷ್ಟೋ ಲೋಪಗಳು ಯಂತ್ರವನ್ನು ಕೇವಲ ಸ್ಥಗಿತಗೊಳಿಸುತ್ತವೆ, ಅವುಗಳಿಂದ ಬೇರೇನನ್ನೂ ಸಾಧಿಸಲಾಗುವುದಿಲ್ಲ. ಲೋಪವಿರುವ ಆ ಪ್ರೋಗ್ರಾಮನ್ನು ಎಂಟ್ರಿ ಪಾಯಿಂಟ್ ಅಥವಾ ಪ್ರವೇಶದ್ವಾರ ಎನ್ನುತ್ತಾರೆ. 2005ರಲ್ಲಿ ಪಿಎಸ್‌ಪಿಯ 2.00 ಫರ್ಮ್‌ವೇರ್‌ಗೆ ಚಿತ್ರ ತೋರಿಸುವ ಭಾಗವೇ ಪ್ರವೇಶದ್ವಾರವಾಯಿತು: ವಿಕಾರಗೊಳಿಸಿದ ಒಂದು ಟಿಫ್ ಚಿತ್ರವನ್ನು ತೆರೆದರೆ ಅದಕ್ಕೆಂದು ಮೀಸಲಿಟ್ಟ ಸ್ಮೃತಿ ತುಂಬಿ ಹೊರಚೆಲ್ಲುತ್ತಿತ್ತು. ಹೀಗೆ ತುಂಬಿ ಚೆಲ್ಲುವುದಕ್ಕೆ ಬಫರ್ ಓವರ್‌ಫ್ಲೋ ಎಂದು ಹೆಸರು. 2007ರಲ್ಲಿ ಲ್ಯೂಮಿನೆಸ್ ಆಟದ ಸೇವ್ ಕಡತ ಇಂಥದೇ ದ್ವಾರವಾಯಿತು. 2014ರ ನವೆಂಬರ್‌ನಲ್ಲಿ 3ಡಿಎಸ್‌ಗೆ ಬಂದ ನಿಂಜ್‌ಹ್ಯಾಕ್ಸ್ ಕ್ಯೂಬಿಕ್ ನಿಂಜಾ ಎಂಬ ಆಟವನ್ನು ಬಳಸಿಕೊಂಡಿತು; ಆಟಗಾರರು ತಾವು ರಚಿಸಿದ ಹಂತಗಳನ್ನು ಕ್ಯೂಆರ್ ಕೋಡ್ ಮೂಲಕ ಹಂಚಿಕೊಳ್ಳಬಹುದಾಗಿದ್ದ ಆ ಆಟದಲ್ಲಿ, ಕ್ಯೂಆರ್ ಕೋಡಿನಿಂದಲೇ ಯಂತ್ರದ ಬಾಗಿಲು ತೆರೆಯಿತು. ಯಾರೂ ಕೇಳದಿದ್ದ ಆ ಆಟದ ಹಳೆಯ ಪ್ರತಿಗಳಿಗೆ ರಾತ್ರೋರಾತ್ರಿ ಬೇಡಿಕೆ ಹುಟ್ಟಿತು.

ಎಕ್ಸ್‌ಪ್ಲಾಯಿಟ್ ಬಾಗಿಲು ತೆರೆದ ಮೇಲೆ ಒಳಗೆ ಓಡಿಸುವ ನಿಮ್ಮ ಕೋಡ್‌ಗೆ ಪೇಲೋಡ್ ಎಂದು ಹೆಸರು. ಬಾಗಿಲು ತೆರೆಯುವ ಕೆಲಸ ಒಂದು, ಒಳಗೆ ಹೋಗಿ ಮಾಡುವ ಕೆಲಸ ಇನ್ನೊಂದು. ಒಂದೇ ಎಕ್ಸ್‌ಪ್ಲಾಯಿಟ್‌ನಿಂದ ಬೇರೆ ಬೇರೆ ಪೇಲೋಡ್‌ಗಳನ್ನು ಓಡಿಸಬಹುದು. ಸ್ವಿಚ್‌ನಲ್ಲಿ ಇದು ಬಹಳ ಸ್ಪಷ್ಟವಾಗಿ ಕಾಣುತ್ತದೆ: ಅದೇ ಬಾಗಿಲಿನಿಂದ ಒಮ್ಮೆ ಹೆಕಾಟೆ ಎಂಬ ನಿರ್ವಹಣಾ ಸಾಧನವನ್ನೂ ಇನ್ನೊಮ್ಮೆ ಅಟ್ಮಾಸ್ಫಿಯರ್ ಎಂಬ ಕಸ್ಟಮ್ ಫರ್ಮ್‌ವೇರನ್ನೂ ಕಳುಹಿಸಬಹುದು.

ಆಟವೊಂದರ ಮೂಲಕ ಒಳಹೊಕ್ಕರೆ ನಿಮಗೆ ದೊರೆಯುವುದು ಆ ಆಟಕ್ಕಿದ್ದಷ್ಟೇ ಅಧಿಕಾರ. ಇದು ಯೂಸರ್‌ಲ್ಯಾಂಡ್, ಮೇಲಿನ ಮೆಟ್ಟಿಲು. ಅಲ್ಲಿ ಸಣ್ಣ ಹೋಮ್‌ಬ್ರೂಗಳು ಓಡಬಹುದು, ಆದರೆ ಯಂತ್ರದ ಒಳಗಿನ ಸ್ಮೃತಿಯನ್ನು ಮುಟ್ಟಲು ಕರ್ನೆಲ್ ಬಿಡುವುದಿಲ್ಲ. ಕರ್ನೆಲ್‌ನಲ್ಲಿಯೇ ಇರುವ ಇನ್ನೊಂದು ಲೋಪವನ್ನು ಹಿಡಿದು ಕೆಳಗಿಳಿಯುವುದಕ್ಕೆ ಅಧಿಕಾರ ಏರಿಕೆ, ಅಂದರೆ ಪ್ರಿವಿಲೇಜ್ ಎಸ್ಕಲೇಶನ್, ಎನ್ನುತ್ತಾರೆ. 3ಡಿಎಸ್‌ನಲ್ಲಿ ಇದಕ್ಕೆ ಇನ್ನೂ ಒಂದು ಮಜಲಿದೆ. ಅದರೊಳಗೆ ಆಟಗಳನ್ನು ನಡೆಸುವ ಆರ್ಮ್11 ಮತ್ತು ಭದ್ರತೆಯನ್ನು ನೋಡಿಕೊಳ್ಳುವ ಆರ್ಮ್9 ಎಂಬ ಎರಡು ಪ್ರೊಸೆಸರ್‌ಗಳಿದ್ದು, ಆರ್ಮ್11ರ ಕರ್ನೆಲನ್ನು ವಶಪಡಿಸಿಕೊಂಡವರಿಗೂ ಆರ್ಮ್9 ದಕ್ಕುವವರೆಗೆ ಯಂತ್ರ ಪೂರ್ತಿ ಕೈಗೆ ಬಂದಂತಲ್ಲ. ಯಾವುದೋ ಎಕ್ಸ್‌ಪ್ಲಾಯಿಟ್‌ನ ವಿವರಣೆಯಲ್ಲಿ ‘ಯೂಸರ್‌ಲ್ಯಾಂಡ್ ಮಾತ್ರ’ ಎಂದು ಕಂಡರೆ ಅದರ ಅರ್ಥ ಇಷ್ಟೇ: ಅಂಗಳದವರೆಗೆ ಬಂದಿದ್ದೇವೆ, ಒಳಮನೆಗೆ ಹೋಗಿಲ್ಲ.

ಈಗ ನಿಮ್ಮ ಪಟ್ಟಿಯ ಹೆನ್ ಮತ್ತು ಸಿಎಫ್‌ಡಬ್ಲ್ಯೂಗಳಿಗೆ ಬರೋಣ. ಇವೆರಡನ್ನು ಬೇರ್ಪಡಿಸುವುದು ನಾನು ಮೊದಲು ಹೇಳಿದ ಎರಡನೆಯ ಪ್ರಶ್ನೆ. ಹೆನ್ ಎಂದರೆ ಹೋಮ್‌ಬ್ರೂ ಎನೇಬ್ಲರ್: ಓಡುತ್ತಿರುವ ಅಧಿಕೃತ ಫರ್ಮ್‌ವೇರನ್ನು ಸ್ಮೃತಿಯಲ್ಲಿಯೇ ತಿದ್ದಿ ಸಹಿ ಪರೀಕ್ಷೆಯನ್ನು ಸಡಿಲಿಸುತ್ತದೆ, ಯಂತ್ರವನ್ನು ಪೂರ್ಣವಾಗಿ ಆರಿಸಿದರೆ ಎಲ್ಲವೂ ಅಳಿದುಹೋಗುತ್ತದೆ, ಮತ್ತೆ ಹಚ್ಚಿದಾಗ ಮತ್ತೆ ಓಡಿಸಬೇಕು. 2016ರ ಜುಲೈನಲ್ಲಿ ವೀಟಾದ 3.60 ಫರ್ಮ್‌ವೇರ್‌ಗೆ ಬಂದ ಹೆನ್‌ಕಾಕು ಇಂಥದು. ವೆಬ್ ಬ್ರೌಸರ್‌ನಲ್ಲಿ ಒಂದು ಪುಟವನ್ನು ತೆರೆದು ಅದನ್ನು ಓಡಿಸಬೇಕಾಗಿತ್ತು. ಮರುವರ್ಷ ಬಂದ ಎನ್ಸೋ ಎಂಬ ಇನ್ನೊಂದು ಎಕ್ಸ್‌ಪ್ಲಾಯಿಟ್ ಬೂಟ್ ಆಗುವ ಹಂತದಲ್ಲಿಯೇ ಒಳಹೊಕ್ಕು, ಹೆನ್‌ಕಾಕುವನ್ನು ಪ್ರತಿಸಲವೂ ತಾನಾಗಿ ಎಬ್ಬಿಸುವಂತೆ ಮಾಡಿತು. ಆರಿಸಿದರೂ ಉಳಿಯುವ ಈ ಗುಣಕ್ಕೆ ಪರ್ಸಿಸ್ಟೆನ್ಸ್ ಎಂದೂ, ಶಕ್ತಿ ಹರಿಯತೊಡಗಿದ ಮೊದಲ ಕ್ಷಣಗಳಲ್ಲಿಯೇ ಕೆಲಸಕ್ಕೆ ಬರುವ ಎಕ್ಸ್‌ಪ್ಲಾಯಿಟ್‌ಗೆ ಕೋಲ್ಡ್‌ಬೂಟ್ ಎಂದೂ ಹೆಸರು.

ಸಿಎಫ್‌ಡಬ್ಲ್ಯೂ ಎಂದರೆ ಕಸ್ಟಮ್ ಫರ್ಮ್‌ವೇರ್; ಈ ಹೆಸರು ಸ್ವಲ್ಪ ದಾರಿ ತಪ್ಪಿಸುತ್ತದೆ. ಯಾರೋ ಇಡೀ ಫರ್ಮ್‌ವೇರನ್ನು ಹೊಸದಾಗಿ ಬರೆದು ಹಳೆಯದರ ಜಾಗದಲ್ಲಿ ಕೂರಿಸಿದ್ದಾರೆಂದು ಅದು ಸೂಚಿಸುತ್ತದೆ. ವಾಸ್ತವದಲ್ಲಿ ಹೆಚ್ಚಿನವು ಅಧಿಕೃತ ಫರ್ಮ್‌ವೇರನ್ನೇ ಎತ್ತಿಕೊಂಡು, ಬೂಟ್ ಆಗುವಾಗ ಅಗತ್ಯವಿದ್ದೆಡೆ ತೇಪೆ ಹಾಕಿ ನಡೆಸುತ್ತವೆ. ಆ ತೇಪೆಗಳೇ ಪ್ಯಾಚ್‌ಗಳು. ನಿಮ್ಮ 3ಡಿಎಸ್‌ಗೆ ಬಳಸುವ ಲೂಮಾ3ಡಿಎಸ್ ಈ ಬಗೆಯದು. ಅದಕ್ಕಾಗಿಯೇ ಅದನ್ನು ಹಾಕಿದ ಮೇಲೆಯೂ ಮೆನು ಮೊದಲಿನಂತೆಯೇ ಕಾಣುತ್ತದೆ, ನಿಮ್ಮ ಕಾರ್ಟ್ರಿಜ್‌ಗಳು ಮೊದಲಿನಂತೆಯೇ ಓಡುತ್ತವೆ. ‘ಹಾಕಿದೆ, ಆದರೆ ಏನೂ ಬದಲಾಗಲಿಲ್ಲ’ ಎಂದು ಹೊಸಬರು ಗಾಬರಿಯಾಗುವುದುಂಟು; ಬದಲಾಗದಿರುವುದೇ ಅದು ಸರಿಯಾಗಿ ಕೂತಿರುವ ಲಕ್ಷಣ.

ಎಲ್ಲಕ್ಕಿಂತ ಕೆಳಗಿನ ಮೆಟ್ಟಿಲಾದ ಬೂಟ್ ರೋಮ್‌ನಲ್ಲಿ ಲೋಪ ಸಿಕ್ಕರೆ ಅದರ ಬೆಲೆಯೇ ಬೇರೆ, ಏಕೆಂದರೆ ಮೇಲಿನ ಲೋಪಗಳನ್ನು ತಯಾರಕರು ಒಂದು ಅಪ್‌ಡೇಟ್‌ನಿಂದ ಮುಚ್ಚಬಲ್ಲರು, ಈಗಾಗಲೇ ಮಾರಾಟವಾದ ಚಿಪ್‌ಗಳೊಳಗಿನ ಅಚ್ಚನ್ನು ಮುಚ್ಚಲಾರರು. 3ಡಿಎಸ್‌ನ ಬೂಟ್ ರೋಮ್ ಸಹಿಯನ್ನು ಪರೀಕ್ಷಿಸುವಾಗ ಅದರ ವಿನ್ಯಾಸವನ್ನು ಸರಿಯಾಗಿ ಅಳೆಯುತ್ತಿರಲಿಲ್ಲ. ಆದ್ದರಿಂದ ಗುಟ್ಟಿನ ಕೀಲಿಯಿಲ್ಲದೆಯೇ ಅದು ಒಪ್ಪುವಂಥ ಸುಳ್ಳು ಸಹಿಯೊಂದನ್ನು ಹುಡುಕಿ ತೆಗೆಯಲು ಸಾಧ್ಯವಾಯಿತು. ಸಿಗ್‌ಹ್ಯಾಕ್ಸ್ ಎಂದು ಹೆಸರಾದ ಈ ಲೋಪವನ್ನು 2016ರ ಡಿಸೆಂಬರ್‌ನಲ್ಲಿ ಜರ್ಮನಿಯ 33ಸಿ3 ಸಮಾವೇಶದಲ್ಲಿ ವಿವರಿಸಲಾಯಿತು, 2017ರಲ್ಲಿ ಅದರ ಆಧಾರದ ಮೇಲೆ ಬೂಟ್9ಸ್ಟ್ರಾಪ್ ಬಂತು. ಇಂದು 3ಡಿಎಸ್‌ಗೆ ಸಂಬಂಧಿಸಿದ ಬಹುತೇಕ ಎಲ್ಲ ಮಾರ್ಗದರ್ಶಿಗಳೂ ಕೊನೆಗೆ ತಲುಪುವುದು ಇದನ್ನೇ. ಸ್ವಿಚ್‌ನ ಕಥೆಯೂ ಹೀಗೆಯೇ: ಅದರ ಟೆಗ್ರಾ ಎಕ್ಸ್1 ಚಿಪ್‌ನಲ್ಲಿ ದುರಸ್ತಿಗೆಂದು ಇಟ್ಟಿದ್ದ ಆರ್‌ಸಿಎಂ ಎಂಬ ಸ್ಥಿತಿಯಲ್ಲಿ, ಯುಎಸ್‌ಬಿ ಮೂಲಕ ಬರುವ ಕೋರಿಕೆಯ ಉದ್ದವನ್ನು ಬೂಟ್ ರೋಮ್ ಸರಿಯಾಗಿ ಪರೀಕ್ಷಿಸುತ್ತಿರಲಿಲ್ಲ. 2018ರ ಏಪ್ರಿಲ್‌ನಲ್ಲಿ ಫ್ಯೂಸೆ ಜೆಲೆ ಎಂಬ ಹೆಸರಿನಲ್ಲಿ ಇದು ಬಹಿರಂಗವಾದ ಮೇಲೆ ತಯಾರಾದ ಯಂತ್ರಗಳಲ್ಲಿ ಅದನ್ನು ಸರಿಪಡಿಸಲಾಯಿತು, ಮೊದಲೇ ಮಾರಾಟವಾಗಿದ್ದವು ಹಾಗೆಯೇ ಉಳಿದವು. ‘ಪ್ಯಾಚ್ ಆಗದ ಸ್ವಿಚ್’ ಎಂಬ ಮಾತು ಬಂದದ್ದು ಇಲ್ಲಿಂದ.

ಪಿಎಸ್‌ಪಿಯ ವಿಷಯದಲ್ಲಿ ಇಷ್ಟೇ ಸೊಗಸಾದ ಇನ್ನೊಂದು ಪದವಿದೆ, ಪಂಡೋರಾ ಬ್ಯಾಟರಿ. ದುರಸ್ತಿ ಕೇಂದ್ರಗಳಿಗಾಗಿ ಆ ಯಂತ್ರದಲ್ಲಿ ಒಂದು ಗುಟ್ಟಿನ ಏರ್ಪಾಡಿತ್ತು. ಬ್ಯಾಟರಿಯೊಳಗಿನ ಪುಟ್ಟ ಸ್ಮೃತಿಯಲ್ಲಿ ಬರೆದಿರುವ ಕ್ರಮಸಂಖ್ಯೆಯ ಎಲ್ಲ ಬಿಟ್‌ಗಳೂ 1 ಆಗಿದ್ದರೆ, ಯಂತ್ರ ತನ್ನ ಒಳಸ್ಮೃತಿಯನ್ನು ಬಿಟ್ಟು ಮೆಮೊರಿ ಸ್ಟಿಕ್‌ನಿಂದ ಬೂಟ್ ಆಗುತ್ತಿತ್ತು. 2007ರಲ್ಲಿ ಇದು ಬಯಲಾದಾಗ ಸಾಮಾನ್ಯ ಬ್ಯಾಟರಿಯ ಸಂಖ್ಯೆಯನ್ನು ತಿದ್ದಿ, ಸತ್ತುಹೋದವೆಂದು ಬದಿಗಿಟ್ಟಿದ್ದ ಪಿಎಸ್‌ಪಿಗಳಿಗೆ ಜೀವ ಕೊಡಲು ಸಾಧ್ಯವಾಯಿತು. ಹೊಸ ಮದರ್‌ಬೋರ್ಡ್‌ಗಳಲ್ಲಿ ಇದು ನಡೆಯುವುದಿಲ್ಲ, ಆದ್ದರಿಂದಲೇ ಪಿಎಸ್‌ಪಿ ಕುರಿತ ಬರಹಗಳಲ್ಲಿ ಮದರ್‌ಬೋರ್ಡ್‌ನ ಸಂಖ್ಯೆಗಳನ್ನು ಮತ್ತೆ ಮತ್ತೆ ಕೇಳುತ್ತಾರೆ. 3ಡಿಎಸ್‌ನಲ್ಲಿಯೂ ಇದಕ್ಕೆ ಸಮಾನವಾದದ್ದು ಇದೆ: ಮುಚ್ಚಳ ಮುಚ್ಚಿದೆಯೆಂದು ಯಂತ್ರಕ್ಕೆ ತಿಳಿಸುವ ಒಂದು ಅಯಸ್ಕಾಂತ, ಹೊಂದುವ ಒಂದು ಫ್ಲ್ಯಾಶ್‌ಕಾರ್ಟ್ (ಕಾರ್ಟ್ರಿಜ್‌ನ ರೂಪದಲ್ಲಿದ್ದು ಮೆಮೊರಿ ಕಾರ್ಡಿನಿಂದ ಪ್ರೋಗ್ರಾಂಗಳನ್ನು ಓಡಿಸುವ ಸಾಧನ), ಒಟ್ಟಿಗೆ ಒತ್ತಿಹಿಡಿದ ಕೆಲವು ಗುಂಡಿಗಳು, ಇಷ್ಟಿದ್ದರೆ ಬೂಟ್ ರೋಮ್ ನೇರವಾಗಿ ಕಾರ್ಟ್ರಿಜ್‌ನಿಂದ ಬೂಟ್ ಆಗುತ್ತದೆ. ಇದನ್ನು ಎನ್‌ಟಿಆರ್‌ಬೂಟ್ ಎನ್ನುತ್ತಾರೆ.

ನಿಮ್ಮ ಭಯದ ಮಾತಿಗೆ ಇಲ್ಲಿಂದ ಉತ್ತರ ಸಿಗುತ್ತದೆ. ನೀವು ಎಲ್ಲಕ್ಕಿಂತ ನಿಧಾನವಾಗಿ ಓದಬೇಕೆಂದು ನಾನು ಬಯಸುವ ಭಾಗವೂ ಇದೇ. ಫರ್ಮ್‌ವೇರ್ ಬರೆದಿರುವ ಒಳಸ್ಮೃತಿಯ ಹೆಸರು ನ್ಯಾಂಡ್. ಅದರಲ್ಲಿರುವುದು ಕೆಟ್ಟು ಯಂತ್ರ ಬೂಟ್ ಆಗದ ಸ್ಥಿತಿಗೆ ಬಂದರೆ ಅದು ಇಟ್ಟಿಗೆಯಷ್ಟೇ ನಿರುಪಯುಕ್ತವಾದ್ದರಿಂದ ಬ್ರಿಕ್ ಆಯಿತೆನ್ನುತ್ತಾರೆ. ಮೇಲಿನ ಮೆಟ್ಟಿಲುಗಳು ಮಾತ್ರ ಕೆಟ್ಟು, ಸರಿಪಡಿಸಲು ಇನ್ನೂ ಒಂದು ದಾರಿ ಉಳಿದಿದ್ದರೆ ಅದು ಸಾಫ್ಟ್ ಬ್ರಿಕ್. ದಾರಿಗಳೆಲ್ಲ ಮುಚ್ಚಿದ್ದರೆ ಹಾರ್ಡ್ ಬ್ರಿಕ್. ಬ್ರಿಕ್ ಆಗುವುದು ಹೆಚ್ಚಾಗಿ ನ್ಯಾಂಡ್‌ಗೆ ಬರೆಯುವ ಹೊತ್ತಿನಲ್ಲಿ ಬ್ಯಾಟರಿ ಮುಗಿದಾಗ, ಬೇರೆ ಮಾದರಿಗೆ ಸೇರಿದ ಕಡತವನ್ನು ಬರೆದಾಗ, ಅಥವಾ ಎಲ್ಲಿಂದಲೋ ತಂದ ಅಪರಿಚಿತ ಕಡತವನ್ನು ನಂಬಿದಾಗ. ಕೊನೆಯದು ಕಲ್ಪನೆಯ ಮಾತಲ್ಲ: 2005ರ ಅಕ್ಟೋಬರ್‌ನಲ್ಲಿಯೇ, ಫರ್ಮ್‌ವೇರನ್ನು ಹಿಂದಿನ ಆವೃತ್ತಿಗೆ ಇಳಿಸುವ ಸಾಧನವೆಂದು ಹೇಳಿಕೊಂಡು ಪಿಎಸ್‌ಪಿಯ ಮುಖ್ಯ ಕಡತಗಳನ್ನು ಅಳಿಸಿಹಾಕುವ ಒಂದು ಟ್ರೋಜನ್ ಹರಿದಾಡಿತ್ತು.

ಇದಕ್ಕೆ ಇರುವ ರಕ್ಷೆ ನ್ಯಾಂಡ್ ಬ್ಯಾಕಪ್, ಅಂದರೆ ನ್ಯಾಂಡ್‌ನಲ್ಲಿರುವುದನ್ನು ಬೈಟ್ ಬೈಟ್‌ಗೆ ನಕಲಿಸಿ ಹೊರಗೆ ತೆಗೆದಿಟ್ಟುಕೊಳ್ಳುವುದು. ಹೀಗೆ ನಕಲಿಸಿ ತೆಗೆಯುವುದಕ್ಕೆ ಡಂಪ್ ಎಂಬ ಪದವೂ ಬಳಕೆಯಲ್ಲಿದೆ. 3ಡಿಎಸ್‌ನಲ್ಲಿ ಗಾಡ್‌ಮೋಡ್9 ಎಂಬ ಸಾಧನ ಈ ಕೆಲಸವನ್ನು ಮಾಡುತ್ತದೆ. ಒಂದು ಯಂತ್ರದ ನ್ಯಾಂಡ್ ಆ ಯಂತ್ರಕ್ಕೆ ಮಾತ್ರ ವಿಶಿಷ್ಟವಾದ ಕೀಲಿಗಳಿಂದ ಗೂಢಲಿಪೀಕರಣಗೊಂಡಿರುತ್ತದೆ. ಆದ್ದರಿಂದ ಸ್ನೇಹಿತರ ಯಂತ್ರದ ಪ್ರತಿ ನಿಮ್ಮ ಯಂತ್ರಕ್ಕೆ ಒಗ್ಗುವುದಿಲ್ಲ, ನಿಮ್ಮದು ನಿಮ್ಮಲ್ಲಿಯೇ ಇರಬೇಕು. ಬ್ಯಾಕಪ್ ಇದ್ದರೆ, ತಂತ್ರಾಂಶದ ದಾರಿ ಮುಚ್ಚಿಹೋದರೂ, ಬೋರ್ಡಿನ ಮೇಲೆ ತಂತಿಗಳನ್ನು ಬೆಸೆದು ನ್ಯಾಂಡನ್ನು ನೇರವಾಗಿ ಓದಿಬರೆಯುವ ಹಾರ್ಡ್‌ಮೋಡ್‌ನಿಂದ ಯಂತ್ರವನ್ನು ಉಳಿಸಿಕೊಳ್ಳಬಹುದು. ಬ್ಯಾಕಪ್ ಇಲ್ಲದಿದ್ದರೆ ಬೆಸುಗೆ ಹಾಕುವವರ ನೈಪುಣ್ಯ ಎಷ್ಟೇ ಇದ್ದರೂ ಬರೆಯಲು ಅವರ ಬಳಿ ಏನೂ ಇರುವುದಿಲ್ಲ. ಬ್ಯಾಕಪ್ ತೆಗೆಯದೆ ಮುಂದುವರಿಯಿರಿ ಎಂದು ಹೇಳುವ ಮಾರ್ಗದರ್ಶಿಯನ್ನು ಅಲ್ಲಿಗೇ ಮುಚ್ಚಿಡಿ ಎಂಬುದು ನನ್ನ ದೃಢವಾದ ಸಲಹೆ.

ಎಮುನ್ಯಾಂಡ್ ಇದೇ ನಕಲಿನ ಇನ್ನೊಂದು ಬಳಕೆ. ನ್ಯಾಂಡ್‌ನ ಪ್ರತಿಯನ್ನು ಎಸ್‌ಡಿ ಕಾರ್ಡಿನಲ್ಲಿಟ್ಟು, ಯಂತ್ರ ಅದನ್ನೇ ತನ್ನ ನ್ಯಾಂಡ್ ಎಂದು ತಿಳಿದು ಓಡುವಂತೆ ಮಾಡಿದರೆ ಆ ಪ್ರತಿ ಎಮುನ್ಯಾಂಡ್, ಒಳಗಿನ ಮೂಲವು ಸಿಸ್‌ನ್ಯಾಂಡ್. ಪ್ರಯೋಗಗಳೆಲ್ಲ ಪ್ರತಿಯ ಮೇಲೆ ನಡೆಯುವುದರಿಂದ ಮೂಲ ಸುರಕ್ಷಿತ. 3ಡಿಎಸ್‌ನಲ್ಲಿ ಬೂಟ್9ಸ್ಟ್ರಾಪ್ ಬಂದ ಮೇಲೆ ಇದರ ಅಗತ್ಯ ಬಹುಮಟ್ಟಿಗೆ ತಪ್ಪಿತು, ಆದ್ದರಿಂದ ಎಮುನ್ಯಾಂಡ್ ಕಡ್ಡಾಯವೆಂದು ಹೇಳುವ 3ಡಿಎಸ್ ಬರಹ ನಿಮಗೆ ಸಿಕ್ಕರೆ ಅದು ಹಳೆಯದೆಂದು ತಿಳಿಯಿರಿ. ಸ್ವಿಚ್‌ನಲ್ಲಿ ಎಮುಎಂಎಂಸಿ ಎಂಬ ಹೆಸರಿನಲ್ಲಿ ಅದೇ ಉಪಾಯ ಇಂದಿಗೂ ನಡೆದಿದೆ.

ಫರ್ಮ್‌ವೇರನ್ನು ಹಿಂದಿನ ಆವೃತ್ತಿಗೆ ಇಳಿಸುವುದು ಡೌನ್‌ಗ್ರೇಡ್. ಇದನ್ನು ತಡೆಯಲು ಸ್ವಿಚ್‌ನಂಥ ಯಂತ್ರಗಳಲ್ಲಿ ಚಿಪ್‌ನೊಳಗೆ ಇ-ಫ್ಯೂಸ್‌ಗಳಿವೆ. ಕೆಲವು ಅಪ್‌ಡೇಟ್‌ಗಳು ಒಂದೊಂದು ಫ್ಯೂಸನ್ನು ಶಾಶ್ವತವಾಗಿ ಸುಡುತ್ತವೆ, ತನ್ನ ಲೆಕ್ಕಕ್ಕಿಂತ ಹೆಚ್ಚು ಸುಟ್ಟಿರುವುದನ್ನು ಕಂಡ ಹಳೆಯ ಬೂಟ್‌ಲೋಡರ್ ಮುಂದುವರಿಯಲು ಒಪ್ಪುವುದಿಲ್ಲ. ಮಾಡ್‌ಚಿಪ್ ಎಂದರೆ ಬೋರ್ಡಿಗೆ ಬೆಸೆಯುವ ಹೆಚ್ಚುವರಿ ಚಿಪ್. ಬೆಸುಗೆಯಿಲ್ಲದೆ ತಂತ್ರಾಂಶದಿಂದಷ್ಟೇ ಮಾಡುವುದು ಸಾಫ್ಟ್‌ಮೋಡ್.

ರೋಮ್ ಎಂಬ ಪದವನ್ನು ಮಾತ್ರ ಎಚ್ಚರದಿಂದ ಓದಿ. ಬೂಟ್ ರೋಮ್ ಎಂಬಲ್ಲಿ ಅದು ಚಿಪ್‌ನ ಭಾಗ. ಬೇರೆಡೆ ಬರಿದೆ ರೋಮ್ ಎಂದರೆ ಆಟದ ಕಾರ್ಟ್ರಿಜ್‌ನಿಂದ ಡಂಪ್ ಮಾಡಿದ ಕಡತ. ಡಿಸ್ಕ್‌ನಿಂದ ತೆಗೆದದ್ದಕ್ಕೆ ಐಎಸ್‌ಓ ಎನ್ನುತ್ತಾರೆ. ಬೇರೆಯವರ ಆಟಗಳ ಪ್ರತಿಗಳನ್ನು ಹಣ ಕೊಡದೆ ಇಳಿಸಿಕೊಳ್ಳುವುದು ಕೃತಿಸ್ವಾಮ್ಯದ ಉಲ್ಲಂಘನೆ, ಅದನ್ನು ಹೋಮ್‌ಬ್ರೂ ಎಂದು ಕರೆಯುವುದು ಹೋಮ್‌ಬ್ರೂ ಬರೆಯುವವರಿಗೆ ಮಾಡುವ ಅನ್ಯಾಯ. ವರ್ಷಗಟ್ಟಲೆ ದುಡಿದು ಉಚಿತವಾಗಿ ಹಂಚಿದ ಅವರ ಕೆಲಸಕ್ಕೆ ಕೆಟ್ಟ ಹೆಸರು ಬಂದದ್ದು ಈ ಬೆರಕೆಯಿಂದಲೇ. ಭದ್ರತೆಯನ್ನು ದಾಟುವುದರ ಬಗೆಗಿನ ಕಾನೂನು ದೇಶದಿಂದ ದೇಶಕ್ಕೆ ಬೇರೆ. ಅಮೆರಿಕದಲ್ಲಿ, ಹೀಗೆ ದಾಟುವುದನ್ನು ನಿಷೇಧಿಸುವ 1998ರ ಡಿಎಂಸಿಎ ಕಾಯ್ದೆಗೆ ಮೊಬೈಲ್ ಫೋನ್‌ಗಳ ವಿಷಯದಲ್ಲಿ ವಿನಾಯಿತಿ ಕೊಟ್ಟವರು, 2012ರಲ್ಲಿ ಗೇಮ್ ಕನ್ಸೋಲ್‌ಗಳಿಗೂ ಅದನ್ನು ಕೇಳಿದಾಗ ನಿರಾಕರಿಸಿದರು. ನಿಮ್ಮ ನೆಲದ ಕಾನೂನನ್ನು ನೀವೇ ನೋಡಿಕೊಳ್ಳಬೇಕು. ಆನ್‌ಲೈನ್ ಸೇವೆಯಿರುವ ಯಂತ್ರಗಳಲ್ಲಿ ಬ್ಯಾನ್ ಎಂಬ ಪದವೂ ಎದುರಾಗುತ್ತದೆ: ತಯಾರಕರ ಸರ್ವರ್ ನಿಮ್ಮ ಯಂತ್ರವನ್ನು ಗುರುತಿಸಿ ಹೊರಗಿಡುವುದು.

ಇನ್ನು ನಿಮ್ಮ ಎರಡು ಯಂತ್ರಗಳು. 3ಡಿಎಸ್‌ನಲ್ಲಿ ಮೊದಲು ಸಿಸ್ಟಮ್ ಸೆಟ್ಟಿಂಗ್ಸ್‌ನಲ್ಲಿ ಕಾಣುವ ಫರ್ಮ್‌ವೇರ್ ಸಂಖ್ಯೆಯನ್ನೂ ಯಂತ್ರದ ಮಾದರಿಯನ್ನೂ ಬರೆದುಕೊಳ್ಳಿ, ಏಕೆಂದರೆ ಪ್ರವೇಶದ್ವಾರ ಯಾವುದೆಂಬುದು ಅದರ ಮೇಲೆ ನಿಂತಿದೆ. ಗುರಿ ಮಾತ್ರ ಎಲ್ಲರಿಗೂ ಒಂದೇ, ಬೂಟ್9ಸ್ಟ್ರಾಪ್ ಮತ್ತು ಅದರ ಮೇಲೆ ಲೂಮಾ3ಡಿಎಸ್. ಪಿಎಸ್‌ಪಿಯನ್ನು ಕೊನೆಯ ಅಧಿಕೃತ ಫರ್ಮ್‌ವೇರಾದ 6.61ಕ್ಕೆ ಏರಿಸಿದರೂ ಬಾಗಿಲು ಮುಚ್ಚುವುದಿಲ್ಲ. ಅದರ ಗುಟ್ಟಿನ ಕೀಲಿಗಳು 2011ರ ಹೊತ್ತಿಗೆ ಹೊರಬಿದ್ದಿದ್ದರಿಂದ, ಆ ಯಂತ್ರ ಅಧಿಕೃತವೆಂದು ಒಪ್ಪುವಂತೆ ಸಹಿ ಹೊತ್ತ ಹೋಮ್‌ಬ್ರೂಗಳನ್ನು ತಯಾರಿಸಲು ಸಾಧ್ಯವಾಗಿದೆ. ಅದರಲ್ಲಿ ಕಸ್ಟಮ್ ಫರ್ಮ್‌ವೇರ್, ಯಂತ್ರವನ್ನು ಆರಿಸಿದರೂ ಉಳಿಯುತ್ತದೆಯೇ ಅಥವಾ ಪ್ರತಿಸಲ ಎಬ್ಬಿಸಬೇಕೇ ಎಂಬುದನ್ನು ನೀವು ಆರಿಸಿಕೊಂಡ ವಿಧಾನದ ವಿವರಣೆಯಲ್ಲಿ ಮೊದಲೇ ನೋಡಿಕೊಳ್ಳಿ. ಬಹುಕಾಲ ಬಳಸದೆ ಇಟ್ಟ ಬ್ಯಾಟರಿಗಳು ಉಬ್ಬಿರುವ ಸಾಧ್ಯತೆ ಇರುವುದರಿಂದ ಅವನ್ನು ಪರೀಕ್ಷಿಸಿ, ಅವು ಚಾರ್ಜನ್ನು ಹಿಡಿದಿಟ್ಟುಕೊಳ್ಳುತ್ತವೆಂಬುದು ಖಚಿತವಾದ ಮೇಲೆಯೇ ನ್ಯಾಂಡ್‌ಗೆ ಬರೆಯುವ ಯಾವ ಕೆಲಸಕ್ಕೂ ತೊಡಗಿ. ನ್ಯಾಂಡ್ ಬ್ಯಾಕಪ್‌ನ ಒಂದು ಪ್ರತಿ ಕಂಪ್ಯೂಟರ್‌ನಲ್ಲಿಯೂ ಇನ್ನೊಂದು ಪ್ರತ್ಯೇಕ ಡ್ರೈವ್‌ನಲ್ಲಿಯೂ ಇರಲಿ. ಎಸ್‌ಡಿ ಕಾರ್ಡಿನಲ್ಲಿ ಮಾತ್ರ ಉಳಿದ ಬ್ಯಾಕಪ್, ಆ ಕಾರ್ಡನ್ನು ಫಾರ್ಮ್ಯಾಟ್ ಮಾಡಿದ ದಿನವೇ ಇಲ್ಲವಾಗುತ್ತದೆ.